ಸೈಕಲ್ ನಿಮ್ಮ ಅಳತೆಗೆ ಹೊಂದುತ್ತದೆಯೇ?

ಸೈಕಲ್ ತುಳಿಯುವುದು ಆರೋಗ್ಯಕ್ಕೆ ಒಳ್ಳೆಯದು ಎಂಬುದನ್ನು ಎಲ್ಲರೂ ಒಪ್ಪುತ್ತಾರೆ. ವಯಸ್ಕರು ವಾರಕ್ಕೆ ಕನಿಷ್ಠ 150 ನಿಮಿಷ ಮಧ್ಯಮ ಶ್ರಮದ ವ್ಯಾಯಾಮ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ದಿನಕ್ಕೆ ಅರ್ಧ ಗಂಟೆಯಂತೆ ವಾರಕ್ಕೆ ಐದು ದಿನ ಸೈಕಲ್ ತುಳಿದರೆ ಆ ಲೆಕ್ಕ ಪೂರ್ತಿಯಾಗುತ್ತದೆ. ಆದರೆ ಎಷ್ಟೋ ಮಂದಿ ಹುರುಪಿನಿಂದ ಸೈಕಲ್ ಕೊಂಡು, ಎರಡು ತಿಂಗಳೊಳಗೆ ಮೊಣಕಾಲು ನೋವು, ಸೊಂಟ ನೋವು ಎಂದು ಅದನ್ನು ಮೂಲೆಗೆ ಸೇರಿಸುತ್ತಾರೆ. 'ಈ ವಯಸ್ಸಿಗೆ ಇದೆಲ್ಲ ಆಗುವುದಿಲ್ಲ' ಎಂದು ತೀರ್ಮಾನಿಸಿಬಿಡುತ್ತಾರೆ. ಅನೇಕ ಬಾರಿ ತೊಂದರೆ ವಯಸ್ಸಿನದ್ದಲ್ಲ, ಸೈಕಲಿನ ಅಳತೆಯದ್ದು.

ಚಪ್ಪಲಿ ಕೊಳ್ಳುವಾಗ ನಾವು ಕಾಲಿಗೆ ಹಾಕಿ ನೋಡದೆ ದುಡ್ಡು ಕೊಡುವುದಿಲ್ಲ. ಸೈಕಲ್ ಕೊಳ್ಳುವಾಗ ಮಾತ್ರ ಬಣ್ಣ, ಗೇರು, ಬೆಲೆ ನೋಡಿ ಮನೆಗೆ ತರುತ್ತೇವೆ. ನಿಮಿಷಕ್ಕೆ 60 ಸುತ್ತು ತುಳಿದರೆ ಅರ್ಧ ಗಂಟೆಯಲ್ಲಿ ಪ್ರತಿ ಮೊಣಕಾಲು 1,800 ಬಾರಿ ಮಡಚಿ ಬಿಚ್ಚುತ್ತದೆ. ಸೀಟು ಎರಡೇ ಬೆರಳು ತಗ್ಗಿದ್ದರೂ ಆ ತಪ್ಪು 1,800 ಬಾರಿ ಮರುಕಳಿಸುತ್ತದೆ. ನೋವು ಬರಲು ಇಷ್ಟು ಸಾಕು.

ಚಕ್ರದ ಅಳತೆ ಬೇರೆ, ಫ್ರೇಮಿನ ಅಳತೆ ಬೇರೆ

ಅಂಗಡಿಯಲ್ಲಿ '26 ಇಂಚಿನ ಸೈಕಲ್' ಎಂದರೆ ಅದು ಚಕ್ರದ ಅಳತೆ. ನಿಮ್ಮ ದೇಹಕ್ಕೆ ಸಂಬಂಧಿಸಿದ್ದು ಫ್ರೇಮಿನ ಅಳತೆ, ಅಂದರೆ ಪೆಡಲ್ ತಿರುಗುವ ನಡುಭಾಗದಿಂದ ಸೀಟಿನ ಕಂಬ ಇಳಿಯುವ ಕೊಳವೆಯ ತುದಿಯವರೆಗಿನ ಉದ್ದ. ಒಂದೇ ಅಳತೆಯ ಚಕ್ರಗಳಿರುವ ಎರಡು ಸೈಕಲ್‌ಗಳ ಫ್ರೇಮ್ ಬೇರೆ ಬೇರೆ ಇರಬಹುದು. ನಮ್ಮ ಅಜ್ಜಂದಿರ ಕಾಲದ ಕಪ್ಪು ಸೈಕಲ್‌ಗಳು 28 ಇಂಚಿನ ಚಕ್ರದಲ್ಲೇ 22 ಇಂಚು, 24 ಇಂಚು ಎಂಬ ಎರಡು ಫ್ರೇಮ್‌ಗಳಲ್ಲಿ ಬರುತ್ತಿದ್ದವು. ಈಗಿನ ಗೇರು ಸೈಕಲ್‌ಗಳಲ್ಲಿ ಫ್ರೇಮಿನ ಅಳತೆಯನ್ನು ಸೆಂಟಿಮೀಟರ್ ಅಥವಾ ಇಂಚಿನಲ್ಲಿ ಬರೆದಿರುತ್ತಾರೆ, ಇಲ್ಲವೇ ಸ್ಮಾಲ್, ಮೀಡಿಯಂ, ಲಾರ್ಜ್ ಎಂದು ನಮೂದಿಸಿರುತ್ತಾರೆ. ಅಂಗಡಿಯವರಲ್ಲಿ ಎರಡನ್ನೂ ಕೇಳಿ.

ಮನೆಯಲ್ಲೇ ಅಳೆದುಕೊಳ್ಳಿ

ಎತ್ತರ ಒಂದೇ ಆಗಿದ್ದರೂ ಒಬ್ಬರ ಕಾಲು ಉದ್ದ, ಇನ್ನೊಬ್ಬರ ಮುಂಡ ಉದ್ದ ಇರಬಹುದು. ಆದ್ದರಿಂದ ಮುಖ್ಯವಾದುದು ಒಳಗಾಲಿನ ಅಳತೆ. ಚಪ್ಪಲಿ ಬಿಚ್ಚಿ ಗೋಡೆಗೆ ಬೆನ್ನು ತಾಗಿಸಿ ನಿಲ್ಲಿ. ಪಾದಗಳ ನಡುವೆ ಒಂದು ಗೇಣು ಅಂತರವಿರಲಿ. ದಪ್ಪ ರಟ್ಟಿನ ಒಂದು ನೋಟ್‌ಬುಕ್ಕನ್ನು ತೊಡೆಗಳ ನಡುವೆ ಇಟ್ಟು, ಅದರ ಒಂದು ಅಂಚು ಗೋಡೆಗೆ ತಾಗಿರುವಂತೆ, ಸೀಟಿನ ಮೇಲೆ ಕುಳಿತಾಗ ಒತ್ತುವಷ್ಟೇ ಬಿಗಿಯಾಗಿ ಮೇಲಕ್ಕೆ ಒತ್ತಿ. ಪುಸ್ತಕದ ಮೇಲಂಚಿನಿಂದ ನೆಲದವರೆಗೆ ಟೇಪು ಹಿಡಿದು ಅಳೆಯಿರಿ. ಹೆಣ್ಣುಮಕ್ಕಳ ಅಳತೆಯನ್ನು ತಾಯಿಯೇ ಮನೆಯಲ್ಲಿ ತೆಗೆದು, ಚೀಟಿಯಲ್ಲಿ ಬರೆದು ಅಂಗಡಿಗೆ ಒಯ್ದರೆ ಮುಜುಗರವೂ ಇರುವುದಿಲ್ಲ.

ರಸ್ತೆ ಸೈಕಲ್‌ಗಾದರೆ ಈ ಅಳತೆಯನ್ನು 0.67ರಿಂದ ಗುಣಿಸಿದರೆ ಫ್ರೇಮಿನ ಅಂದಾಜು ಅಳತೆ ಸಿಗುತ್ತದೆ. ಒಳಗಾಲು 75 ಸೆಂ.ಮೀ. ಇದ್ದವರಿಗೆ ಸುಮಾರು 50 ಸೆಂ.ಮೀ. ಫ್ರೇಮ್. ಆದರೆ ಮೇಲಿನ ಬಾರ್ ಇಳಿಜಾರಾಗಿರುವ ಸೈಕಲ್‌ಗಳಲ್ಲಿ ಈ ಲೆಕ್ಕ ಅಷ್ಟಾಗಿ ಕೂಡಿಬರುವುದಿಲ್ಲ. ಅಲ್ಲಿ ನಿಂತು ನೋಡುವುದೇ ಸರಿಯಾದ ಪರೀಕ್ಷೆ. ಬಾರಿನ ಎರಡೂ ಬದಿಗೆ ಕಾಲು ಹಾಕಿ, ಪಾದಗಳನ್ನು ಪೂರ್ತಿ ನೆಲಕ್ಕೂರಿ ನಿಲ್ಲಿ. ಬಾರಿಗೂ ದೇಹಕ್ಕೂ ನಡುವೆ ಕನಿಷ್ಠ ಎರಡು ಬೆರಳಿನಷ್ಟು ಜಾಗ ಇರಬೇಕು. ಕಚ್ಚಾ ರಸ್ತೆಯಲ್ಲಿ ಓಡಿಸುವವರಿಗೆ ಇನ್ನೂ ಹೆಚ್ಚು ಬೇಕು. ಜಾಗವೇ ಇಲ್ಲದಿದ್ದರೆ, ಗಕ್ಕನೆ ಬ್ರೇಕ್ ಹಾಕಿ ಇಳಿಯುವಾಗ ಏಟು ಬೀಳುವುದು ಅತಿ ಸೂಕ್ಷ್ಮವಾದ ಜಾಗಕ್ಕೆ.

ಸೀಟಿನ ಎತ್ತರ

ಗೋಡೆಗೆ ಕೈಯೂರಿ ಸೀಟಿನ ಮೇಲೆ ಕುಳಿತುಕೊಳ್ಳಿ. ಒಂದು ಪೆಡಲ್ ಪೂರ್ತಿ ಕೆಳಗಿರಲಿ. ಅದರ ಮೇಲೆ ಹಿಮ್ಮಡಿ ಇಟ್ಟರೆ ಕಾಲು ನೇರವಾಗಿ ಚಾಚಿಕೊಳ್ಳಬೇಕು. ಹಾಗಿದ್ದರೆ, ತುಳಿಯುವಾಗ ಪಾದದ ಮುಂಭಾಗ ಪೆಡಲಿನ ಮೇಲೆ ಬಂದಾಗ ಮೊಣಕಾಲು ತುಸು ಮಡಚಿರುತ್ತದೆ. ಈ ಮಡಿಕೆ 25ರಿಂದ 35 ಡಿಗ್ರಿಯಷ್ಟಿರಬೇಕೆಂದು ತಜ್ಞರು ಹೇಳುತ್ತಾರೆ. ತುಳಿಯುವಾಗ ಸೊಂಟ ಅತ್ತಿತ್ತ ವಾಲಿದರೆ ಸೀಟು ಹೆಚ್ಚು ಎತ್ತರವಾಗಿದೆ ಎಂದರ್ಥ. ಒಮ್ಮೆಗೆ ಅರ್ಧ ಸೆಂ.ಮೀ.ಗಿಂತ ಹೆಚ್ಚು ಏರಿಸಬೇಡಿ, ಇಳಿಸಬೇಡಿ. ಎರಡು ಮೂರು ದಿನ ಓಡಿಸಿ ನೋಡಿ, ಮತ್ತೆ ಬದಲಿಸಿ. ಸೀಟಿನ ಕಂಬದ ಮೇಲೆ ಗೀರೊಂದು ಇರುತ್ತದೆ. ಆ ಗೀರು ಹೊರಗೆ ಕಾಣುವಷ್ಟು ಕಂಬವನ್ನು ಎಳೆದರೆ ಅದು ಮುರಿಯಬಹುದು. ಅಷ್ಟು ಎತ್ತರ ಬೇಕೆನಿಸಿದರೆ ಆ ಫ್ರೇಮ್ ನಿಮಗೆ ಚಿಕ್ಕದು.

ಮೊದಲ ಬಾರಿ ಕಲಿಯುವವರಿಗೆ ಮಾತ್ರ ಈ ನಿಯಮ ಬೇಡ. ಕುಳಿತಲ್ಲಿಂದಲೇ ಎರಡೂ ಪಾದ ನೆಲಕ್ಕೆ ತಾಗುವಂತೆ ಸೀಟು ಇಳಿಸಿ. ಸಮತೋಲನ ಬಂದ ಮೇಲೆ ಸ್ವಲ್ಪ ಸ್ವಲ್ಪವೇ ಏರಿಸುತ್ತ ಬನ್ನಿ.

ಸೀಟು ನೆಲಕ್ಕೆ ಸಮನಾಗಿರಲಿ. ನಿತ್ಯದ ಓಡಾಟಕ್ಕೆ ಹ್ಯಾಂಡಲ್ ಸೀಟಿನಷ್ಟೇ ಎತ್ತರ ಅಥವಾ ತುಸು ಮೇಲೆ ಇದ್ದರೆ ಬೆನ್ನಿಗೆ ಹಿತ. ಹ್ಯಾಂಡಲ್ ಹಿಡಿದಾಗ ಮೊಣಕೈ ಸ್ವಲ್ಪ ಬಾಗಿರಬೇಕು. ಕೈ ಚಾಚಿ ಚಾಚಿ ಹಿಡಿಯುವಂತಿದ್ದರೆ ಫ್ರೇಮ್ ಉದ್ದವಾಯಿತು.

ನೋವು ಹೇಳುವ ಮಾತು

ಮೊಣಕಾಲಿನ ಮುಂಭಾಗದಲ್ಲಿ ನೋವಿದ್ದರೆ ಸೀಟು ತಗ್ಗಿರುವ ಅಥವಾ ತೀರಾ ಮುಂದಿರುವ ಸಂಭವ ಹೆಚ್ಚು. ಹಿಂಭಾಗದಲ್ಲಿ ನೋವಿದ್ದರೆ ಸೀಟು ಎತ್ತರವಾಗಿರಬಹುದು. ಕಿರುಬೆರಳು, ಉಂಗುರದ ಬೆರಳು ಜೋಮು ಹಿಡಿಯುತ್ತಿದ್ದರೆ ಮೈಯ ಭಾರವೆಲ್ಲ ಅಂಗೈ ಮೇಲೆ ಬಿದ್ದು ಅಲ್ಲಿನ ನರ ಒತ್ತಿಹೋಗುತ್ತಿದೆ. ಹ್ಯಾಂಡಲ್ ಏರಿಸಿ, ಹಿಡಿತ ಬದಲಿಸುತ್ತಿರಿ. ತೊಡೆಸಂದಿನಲ್ಲಿ ಜೋಮು ಬಂದರೆ ಸೀಟಿನ ಮೂತಿ ಮೇಲಕ್ಕೆದ್ದಿದೆಯೇ ನೋಡಿ. ಇದನ್ನು ನಾಚಿಕೆಯಿಂದ ಮುಚ್ಚಿಡಬೇಡಿ. ಸೀಟು ಸರಿಪಡಿಸಿದ ಮೇಲೂ ಜೋಮು, ನೋವು ಉಳಿದರೆ ವೈದ್ಯರನ್ನು ಕಾಣಿ. ನೆಟ್ಟಗೆ ಕುಳಿತು ತುಳಿಯುವವರಿಗೆ ಅಗಲವಾದ ಸೀಟು ಹಿತ. ಹೆಂಗಸರ ಕೂರುಮೂಳೆಗಳ ಅಂತರ ಸಾಮಾನ್ಯವಾಗಿ ಹೆಚ್ಚಿರುವುದರಿಂದ ಅವರಿಗೆ ಇದು ಇನ್ನೂ ಮುಖ್ಯ.

ಬೆಳೆಯುವ ಮಕ್ಕಳಿಗೆ ದೊಡ್ಡ ಸೈಕಲ್ ಬೇಡ

'ಹೇಗೂ ಬೆಳೆಯುತ್ತಾನೆ' ಎಂದು ಶಾಲೆಯ ಸಮವಸ್ತ್ರವನ್ನು ದೊಡ್ಡದಾಗಿ ಹೊಲಿಸುವ ಅಭ್ಯಾಸ ನಮ್ಮ ಮನೆಗಳಲ್ಲಿದೆ. ಅಂಗಿ ದೊಡ್ಡದಾದರೆ ತೋಳು ಮಡಚಬಹುದು. ಸೈಕಲ್ ದೊಡ್ಡದಾದರೆ ಮಗುವಿನ ಪಾದ ನೆಲಕ್ಕೆ ಸಿಗುವುದಿಲ್ಲ, ಬೆರಳು ಬ್ರೇಕಿಗೆ ಎಟಕುವುದಿಲ್ಲ. ವಾಹನ ಎದುರು ಬಂದಾಗ ನಿಲ್ಲಿಸಲಾಗದ ಸೈಕಲ್ ಅಪಾಯಕ್ಕೆ ದಾರಿ. ವಯಸ್ಸು ಹೇಳಿ ಕೊಳ್ಳಬೇಡಿ, ಮಗುವನ್ನೇ ಅಂಗಡಿಗೆ ಕರೆದೊಯ್ಯಿರಿ. ಹ್ಯಾಂಡಲ್ ಹಿಡಿದುಕೊಂಡೇ ಬ್ರೇಕನ್ನು ಪೂರ್ತಿ ಒತ್ತಲು ಆಗುತ್ತದೆಯೇ ಎಂದು ಪರೀಕ್ಷಿಸಿ. ಖರ್ಚಿನ ಚಿಂತೆಯಿದ್ದರೆ ಅಳತೆಗೆ ಹೊಂದುವ ಹಳೆಯ ಸೈಕಲ್ ಕೊಳ್ಳಿ. ಚಿಕ್ಕದಾದದ್ದನ್ನು ಬಂಧುಗಳ ಮಕ್ಕಳಿಗೆ ಕೊಡಿ.

2006-07ರಲ್ಲಿ ರಾಜ್ಯ ಸರಕಾರ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ಆರಂಭಿಸಿದ ಮೇಲೆ ಎಷ್ಟೋ ಮನೆಗಳಿಗೆ ಮೊದಲ ಸೈಕಲ್ ಬಂತು. ಅಕ್ಕನಿಗೆ ಸಿಕ್ಕಿದ್ದು ತಂಗಿಗೆ ಬರುವಾಗ ಸೀಟು, ಹ್ಯಾಂಡಲ್, ಬ್ರೇಕ್ ಮೂರನ್ನೂ ತಂಗಿಯ ಅಳತೆಗೆ ತಂದುಕೊಡಿ.

ಉಡುಪು ಮತ್ತು ಸೈಕಲ್

ಬುರ್ಖಾ, ದುಪಟ್ಟಾ, ಸಡಿಲ ಸಲ್ವಾರ್, ಲುಂಗಿ ಧರಿಸಿ ಸೈಕಲ್ ಏರುವವರು ಮೇಲಿನ ಬಾರ್ ಇಲ್ಲದ, ಕಾಲು ಎತ್ತದೆ ಏರಬಹುದಾದ ಲೇಡೀಸ್ ಫ್ರೇಮ್ ಆರಿಸಿಕೊಳ್ಳುವುದು ಒಳ್ಳೆಯದು. ವಯಸ್ಸಾದ ಗಂಡಸರಿಗೂ ಇದೇ ಸುಲಭ, ಇದರಲ್ಲಿ ಸಂಕೋಚಕ್ಕೆ ಕಾರಣವಿಲ್ಲ. ಚೈನ್ ಪೂರ್ತಿ ಮುಚ್ಚುವ ಕವರ್ ಇರಲಿ. ಹಿಂದಿನ ಚಕ್ರದ ಎರಡೂ ಬದಿಗೆ ಬಟ್ಟೆ ಸಿಲುಕದಂತೆ ಜಾಲರಿ ಹಾಕಿಸಿ. ದುಪಟ್ಟಾದ ತುದಿಗಳನ್ನು ಗಂಟು ಹಾಕಿ ಒಳಗೆ ಸೇರಿಸಿ, ಶಾಲಾ ಚೀಲದ ಪಟ್ಟಿಯನ್ನು ಕ್ಯಾರಿಯರ್‌ನಿಂದ ಜೋತಾಡಲು ಬಿಡಬೇಡಿ. ಚಕ್ರಕ್ಕೆ ಸಿಲುಕಿದ ಬಟ್ಟೆ ಕುತ್ತಿಗೆಯನ್ನು ಬಿಗಿಯಬಹುದು, ಸವಾರರನ್ನು ರಸ್ತೆಗೆ ಕೆಡವಬಹುದು. ಈ ಭಯದಿಂದಲೇ ಎಷ್ಟೋ ಹುಡುಗಿಯರ ಸೈಕಲ್ ಸವಾರಿ ಹೈಸ್ಕೂಲಿಗೆ ನಿಂತುಹೋಗುತ್ತದೆ. ಒಂದು ಚೈನ್ ಕವರ್, ಒಂದು ಜಾಲರಿ, ಅಳತೆಗೆ ಹೊಂದುವ ಫ್ರೇಮ್ ಇದ್ದರೆ ಆ ಭಯವನ್ನು ಬಹುಮಟ್ಟಿಗೆ ದೂರ ಮಾಡಬಹುದು.

ನಿಮ್ಮ ಮನೆಯಲ್ಲಿ ಈಗಾಗಲೇ ಸೈಕಲ್ ಇದ್ದರೆ ಹೊಸದರ ಯೋಚನೆ ಸದ್ಯಕ್ಕೆ ಬೇಡ. ಈ ರಜಾದಿನ ಒಂದು ಸ್ಪ್ಯಾನರ್, ಒಂದು ಟೇಪು ತೆಗೆದುಕೊಂಡು ಅಂಗಳಕ್ಕೆ ಇಳಿಯಿರಿ. ಮನೆಯವರನ್ನು ಒಬ್ಬೊಬ್ಬರಾಗಿ ಕೂರಿಸಿ, ಹಿಮ್ಮಡಿಯ ಪರೀಕ್ಷೆ ಮಾಡಿ, ಪ್ರತಿಯೊಬ್ಬರ ಎತ್ತರಕ್ಕೆ ಸೀಟಿನ ಕಂಬದ ಮೇಲೆ ಬಣ್ಣದ ಗುರುತು ಹಾಕಿಡಿ. ಒಂದೇ ಸೈಕಲನ್ನು ಮೂವರು ಬಳಸಿದರೂ, ಏರುವ ಮುನ್ನ ತಮ್ಮ ತಮ್ಮ ಗುರುತಿಗೆ ಸೀಟು ತಂದುಕೊಳ್ಳಲು ಎರಡು ನಿಮಿಷ ಸಾಕು.