ಉಂಡ ಅನ್ನ ಹೊಟ್ಟೆಯಲ್ಲೇ ನಿಂತರೆ

‘ಮಧ್ಯಾಹ್ನ ಉಂಡ ಅನ್ನ ರಾತ್ರಿ ಹಾಗೇ ವಾಂತಿಯಾಗಿ ಬರುತ್ತೆ ಡಾಕ್ಟ್ರೇ’ ಎನ್ನುತ್ತಾ ಬಂದ ಮಹಿಳೆಗೆ ಹದಿನೈದು ವರ್ಷಗಳಿಂದ ಸಕ್ಕರೆ ಕಾಯಿಲೆ. ನಾಲ್ಕು ತುತ್ತಿಗೇ ಹೊಟ್ಟೆ ತುಂಬಿದಂತಾಗುವುದು, ಉಬ್ಬರ, ಓಕರಿಕೆ. ಗ್ಯಾಸ್ ಎಂದುಕೊಂಡು ಅಂಗಡಿ ಮಾತ್ರೆ ನುಂಗಿ ಒಂದು ವರ್ಷ ಕಳೆದಿದ್ದರು. ಎಂಡೋಸ್ಕೋಪಿಯಲ್ಲಿ ಹುಣ್ಣಾಗಲಿ, ಅಡ್ಡಿಯಾಗಲಿ ಕಾಣಲಿಲ್ಲ. ಜಠರ ಖಾಲಿಯಾಗುವ ವೇಗವನ್ನು ಅಳೆಯುವ ಸ್ಕ್ಯಾನ್ ಮಾಡಿಸೋಣ ಎಂದಾಗ ಮನೆಯವರು ಗಾಬರಿಯಾದರು. ಊಟದಲ್ಲಿ ವಿಕಿರಣ ವಸ್ತು ಬೆರೆಸುತ್ತಾರೆಂದು ಯಾರೋ ಹೇಳಿದ್ದರಂತೆ.

ಬೆರೆಸುವುದು ನಿಜ, ಗಾಬರಿಗೆ ಮಾತ್ರ ಕಾರಣವಿಲ್ಲ.

ಜಠರ ಬರೀ ಚೀಲವಲ್ಲ. ಅದರ ಸ್ನಾಯುಗಳು ಆಹಾರವನ್ನು ಅರೆದು, ಸ್ವಲ್ಪಸ್ವಲ್ಪವಾಗಿ ಸಣ್ಣಕರುಳಿಗೆ ತಳ್ಳುತ್ತವೆ. ಈ ಕೆಲಸ ನಡೆಸುವ ವೇಗಸ್ ನರ ಬಹುಕಾಲದ ಮಧುಮೇಹದಿಂದ ಕೆಡಬಹುದು. ಆಗ ಆಹಾರ ಜಠರದಲ್ಲೇ ನಿಲ್ಲುತ್ತದೆ. ಇದಕ್ಕೆ ಗ್ಯಾಸ್ಟ್ರೋಪರೇಸಿಸ್ ಎನ್ನುತ್ತಾರೆ. ಇನ್ಸುಲಿನ್ ಪಡೆಯುವವರಿಗೆ ಇದರಲ್ಲಿ ನಿಜವಾದ ಅಪಾಯವಿದೆ. ಚುಚ್ಚುಮದ್ದು ತನ್ನ ಹೊತ್ತಿಗೆ ಕೆಲಸ ಮಾಡುತ್ತದೆ, ಅನ್ನ ಮಾತ್ರ ರಕ್ತ ಸೇರಿರುವುದಿಲ್ಲ. ಊಟ ಮಾಡಿಯೂ ಸಕ್ಕರೆ ಕುಸಿದು ತಲೆಸುತ್ತು ಬರುತ್ತದೆ, ಕೆಲ ಗಂಟೆಗಳ ಮೇಲೆ ವಿಪರೀತ ಏರುತ್ತದೆ.

ಸ್ಕ್ಯಾನ್ ನಡೆಯುವುದು ದೊಡ್ಡ ಆಸ್ಪತ್ರೆಗಳ ನ್ಯೂಕ್ಲಿಯರ್ ಮೆಡಿಸಿನ್ ವಿಭಾಗದಲ್ಲಿ. ಹಿಂದಿನ ರಾತ್ರಿಯಿಂದ ಉಪವಾಸವಿದ್ದು ಬೆಳಿಗ್ಗೆ ಹೋಗಬೇಕು. ಅತ್ಯಲ್ಪ ಪ್ರಮಾಣದ ಟೆಕ್ನೀಶಿಯಂ ಬೆರೆಸಿ ಬೇಯಿಸಿದ ಮೊಟ್ಟೆಯ ಬಿಳಿಭಾಗ, ಬ್ರೆಡ್, ಜಾಮ್, ನೀರು ಕೊಡುತ್ತಾರೆ. ನಮ್ಮ ಕಡೆ ಕೆಲವೆಡೆ ಇಡ್ಲಿಯೂ ಉಂಟು. ಮೊಟ್ಟೆ ತಿನ್ನದವರು ದಿನ ಗೊತ್ತುಮಾಡುವಾಗಲೇ ಹೇಳಿಬಿಡುವುದು ಒಳ್ಳೆಯದು. ರುಚಿಯಲ್ಲಿ ವ್ಯತ್ಯಾಸ ತಿಳಿಯುವುದಿಲ್ಲ. ಹತ್ತು ನಿಮಿಷದೊಳಗೆ ಎಲ್ಲವನ್ನೂ ತಿಂದು ಮುಗಿಸಬೇಕು. ಬಿಟ್ಟಿದ್ದರೆ, ಆಮೇಲೆ ವಾಂತಿಯಾದರೆ ಸಂಕೋಚಪಡದೆ ಸಿಬ್ಬಂದಿಗೆ ಹೇಳಿ. ಮುಚ್ಚಿಟ್ಟರೆ ಲೆಕ್ಕವೇ ತಪ್ಪುತ್ತದೆ.

ತಿಂದ ಕೂಡಲೇ ಕ್ಯಾಮೆರಾದ ಮುಂದೆ ನಿಲ್ಲಿಸಿ ಒಂದೆರಡು ನಿಮಿಷ ಚಿತ್ರ ತೆಗೆಯುತ್ತಾರೆ. ಮತ್ತೆ ಒಂದು, ಎರಡು, ನಾಲ್ಕು ಗಂಟೆಗಳ ನಂತರ ಇದೇ ಕೆಲಸ. ನೋವಿಲ್ಲ, ಚುಚ್ಚುವುದಿಲ್ಲ, ಬೇಸರವೊಂದೇ. ನಡುವೆ ಏನೂ ತಿನ್ನಬಾರದು, ಬೀಡಿ ಸಿಗರೇಟು ಕೂಡದು. ಓದಲು ಏನಾದರೂ ಒಯ್ಯಿರಿ. ಎರಡು ಗಂಟೆಗೇ ‘ಸಾಕು, ಬಸ್ಸಿಗೆ ಹೊತ್ತಾಯಿತು’ ಎಂದು ಎದ್ದು ಬರುವವರಿದ್ದಾರೆ. ನಾಲ್ಕನೆಯ ಗಂಟೆಯ ಚಿತ್ರವೇ ಮುಖ್ಯ. ಮೊಟ್ಟೆಯ ಊಟದಲ್ಲಿ ಆ ಹೊತ್ತಿಗೆ ಶೇಕಡಾ 10ಕ್ಕಿಂತ ಹೆಚ್ಚು ಉಳಿದಿದ್ದರೆ ಜಠರ ನಿಧಾನ ಎಂದರ್ಥ. ಎರಡು ಗಂಟೆಗೆ ಸರಿಯೆಂದು ಕಂಡವರಲ್ಲೂ ಆಮೇಲೆ ತೊಂದರೆ ಗೊತ್ತಾಗುವುದುಂಟು.

ಕ್ಯಾಮೆರಾ ಯಾವ ಕಿರಣವನ್ನೂ ಹೊರಸೂಸುವುದಿಲ್ಲ, ಊಟದಿಂದ ಬರುವುದನ್ನು ಗ್ರಹಿಸುತ್ತದೆ ಅಷ್ಟೆ. ಟೆಕ್ನೀಶಿಯಂನ ಶಕ್ತಿ ಆರು ಗಂಟೆಗೊಮ್ಮೆ ಅರ್ಧಕ್ಕಿಳಿಯುತ್ತದೆ. ಗರ್ಭಿಣಿಯರು, ಎದೆಹಾಲು ಕುಡಿಸುವ ತಾಯಂದಿರು ಮಾತ್ರ ಮೊದಲೇ ತಿಳಿಸಲೇಬೇಕು.

ಔಷಧಿಗಳ ಪಟ್ಟಿಯನ್ನು ವೈದ್ಯರಿಗೆ ತೋರಿಸಿ. ಡಾಂಪೆರಿಡೋನ್, ಮೆಟೊಕ್ಲೊಪ್ರಮೈಡ್ ಜಠರವನ್ನು ಚುರುಕುಗೊಳಿಸುತ್ತವೆ. ಟ್ರಮಡಾಲ್‌ನಂಥ ನೋವಿನ ಮಾತ್ರೆಗಳು, ಸಕ್ಕರೆಗೂ ತೂಕ ಇಳಿಸಲೂ ಕೊಡುವ ಸೆಮಾಗ್ಲುಟೈಡ್ ನಿಧಾನಿಸುತ್ತವೆ. ಯಾವುದನ್ನು ಎಷ್ಟು ದಿನ ನಿಲ್ಲಿಸಬೇಕೆಂದು ಅವರೇ ಹೇಳಲಿ, ನೀವಾಗಿ ನಿಲ್ಲಿಸಬೇಡಿ. ಮಧುಮೇಹಿಗಳು ಉಪವಾಸದ ಬೆಳಿಗ್ಗೆ ಎಂದಿನಂತೆ ಪೂರ್ತಿ ಇನ್ಸುಲಿನ್ ಚುಚ್ಚಿಕೊಂಡು ಹೊರಡುವುದು ಅಪಾಯ. ಅಂದಿನ ಪ್ರಮಾಣವನ್ನು ಮೊದಲೇ ಕೇಳಿಕೊಂಡಿರಿ, ಔಷಧಿ ಜೊತೆಗಿರಲಿ. ಸಕ್ಕರೆ ವಿಪರೀತ ಏರಿದ್ದರೂ ಜಠರ ನಿಧಾನವಾಗುವುದರಿಂದ ಪರೀಕ್ಷೆಯನ್ನು ಮುಂದೂಡಬೇಕಾಗಬಹುದು.

ಫಲಿತಾಂಶ ಸರಿಯಿದೆ ಎಂದು ಬಂದರೆ ‘ಎಲ್ಲಾ ನಿನ್ನ ಭ್ರಮೆ’ ಎಂದು ರೋಗಿಯನ್ನು ಗದರುವುದು ತಪ್ಪು. ಜಠರ ಹೊತ್ತಿಗೆ ಸರಿಯಾಗಿ ಖಾಲಿಯಾಗುತ್ತಿದ್ದರೂ ಇದೇ ಬಗೆಯ ಸಂಕಟ ಬರುವುದುಂಟು. ಅದರ ಚಿಕಿತ್ಸೆ ಬೇರೆ.

ಆ ಮಹಿಳೆಯ ಜಠರದಲ್ಲಿ ನಾಲ್ಕು ಗಂಟೆಯ ನಂತರವೂ ಊಟದ ಮೂರನೆಯ ಒಂದು ಭಾಗ ಹಾಗೇ ಇತ್ತು. ಈಗ ಮೂರು ಹೊತ್ತಿನ ಊಟವನ್ನು ಆರು ಹೊತ್ತಿಗೆ ಹಂಚಿಕೊಂಡು, ಮೆತ್ತಗೆ ಬೇಯಿಸಿ ತಿನ್ನುತ್ತಾರೆ. ಕರಿದದ್ದು, ಹೆಚ್ಚು ನಾರಿನ ಸೊಪ್ಪು ಕಾಳು ಕಡಿಮೆ. ಇನ್ಸುಲಿನ್ನಿನ ಹೊತ್ತನ್ನೂ ಬದಲಿಸಿದೆವು. ವಾಂತಿ ಪೂರ್ತಿ ನಿಂತಿಲ್ಲ, ಆದರೆ ಊಟದ ನಂತರ ಸಕ್ಕರೆ ಕುಸಿದು ಬೀಳುವುದು ನಿಂತಿದೆ.