35 ನಿಮಿಷದ ಒಂದೇ ಹಾಡು: ಫಿಶ್‌ಮಾನ್ಸ್ ಇದನ್ನ ಮಾಡಿದ್ದು ಹೇಗೆ?

ಇವತ್ತಿನ ಎಪಿಸೋಡ್ ಒಂದೇ ಒಂದು ಹಾಡಿನ ಬಗ್ಗೆ. ಆದ್ರೆ ಆ ಹಾಡು 35 ನಿಮಿಷ ಇದೆ. ಹಾಡೂ ಅದೇ, ಇಡೀ ಆಲ್ಬಮ್ಮೂ ಅದೇ. ಹೆಸರು ‘ಲಾಂಗ್ ಸೀಸನ್’. ಟೋಕಿಯೊದ ರಾಕ್ ಬ್ಯಾಂಡ್ ಫಿಶ್‌ಮಾನ್ಸ್ 1996ರ ಅಕ್ಟೋಬರ್‌ನಲ್ಲಿ ಬಿಡುಗಡೆ ಮಾಡಿದ್ದು.

ನಾನು ಬಿಕಾಂ ಓದಿದವನು, ಹಾಗಾಗಿ ಮೊದಲು ದುಡ್ಡಿನ ಲೆಕ್ಕ. ಸ್ಪಾಟಿಫೈನಲ್ಲಿ ಒಂದು ಹಾಡನ್ನ 30 ಸೆಕೆಂಡ್ ಕೇಳಿದ್ರೆ ಒಂದು ಪ್ಲೇ ಆಯ್ತು ಅಂತ ಲೆಕ್ಕ. ಎರಡು ನಿಮಿಷದ ಹಾಡಾದ್ರೂ ಒಂದೇ ಪ್ಲೇ, 35 ನಿಮಿಷದ್ದಾದ್ರೂ ಒಂದೇ ಪ್ಲೇ. ಈ ಲೆಕ್ಕದಲ್ಲಿ ಉದ್ದದ ಹಾಡು ಅಂದ್ರೆ ನಷ್ಟದ ಬಾಬ್ತು.

ಸಿಡಿ ಕಾಲದಲ್ಲೂ ಬೇರೆ ಥರದ ಮೀಟರ್ ಇತ್ತು: ಸ್ಟುಡಿಯೊ ಬಾಡಿಗೆ. ಗಂಟೆ ಕಳೆದಷ್ಟೂ ಖರ್ಚು. ಆದ್ರೆ ಪಾಲಿಡಾರ್ ಕಂಪನಿ ಜೊತೆಗಿನ ಒಪ್ಪಂದದಿಂದ ಫಿಶ್‌ಮಾನ್ಸ್‌ಗೆ ಟೋಕಿಯೊದ ಸೆತಗಾಯದಲ್ಲಿ ತಮ್ಮದೇ ಸ್ಟುಡಿಯೊ ಸಿಕ್ತು. ಮೀಟರ್ ನಿಂತಿತು. 1996-97ರಲ್ಲಿ ಅಲ್ಲಿಂದ ಮೂರು ಆಲ್ಬಂ ಬಂದವು. ‘ಲಾಂಗ್ ಸೀಸನ್’ ಎರಡನೆಯದು. ‘ಸೀಸನ್’ ಅನ್ನೋ ತಮ್ಮದೇ ಚಿಕ್ಕ ಹಾಡನ್ನ ಹಿಗ್ಗಿಸಿ ಮಾಡಿದ್ದು.

ಹಿಗ್ಗಿಸಿದ್ದು ಹೇಗೆ? ಇವರು ಶುರು ಮಾಡಿದ್ದು ರೆಗ್ಗೆ ಮತ್ತು ಡಬ್‌ನಿಂದ. ಡಬ್‌ನಲ್ಲಿ ಮಿಕ್ಸಿಂಗ್ ಡೆಸ್ಕೂ ಒಂದು ವಾದ್ಯ. ಒಂದು ಸದ್ದನ್ನ ತೆಗೆಯೋದು, ಇನ್ನೊಂದಕ್ಕೆ ಪ್ರತಿಧ್ವನಿ ಕೊಡೋದು, ಇದೇ ಅಲ್ಲಿನ ಆಟ. ‘ಲಾಂಗ್ ಸೀಸನ್’ನಲ್ಲಿ ಒಂದು ಚಿಕ್ಕ ಸ್ವರಗುಚ್ಛ ಸುತ್ತಿ ಸುತ್ತಿ ಬರುತ್ತೆ. ಅದರ ಮೇಲೆ ಬಾಸ್, ಪಿಟೀಲು, ಶಿಂಜಿ ಸಾಟೊನ ತೆಳು ಎತ್ತರದ ದನಿ. ಮಧ್ಯದಲ್ಲಿ ಹಾಡೇ ಕರಗಿಹೋಗುತ್ತೆ. ಬರೀ ತಾಳವಾದ್ಯ, ನೀರಿನ ಸದ್ದು. ಆಮೇಲೆ ಮೊದಲಿನ ರಾಗ ವಾಪಸ್ ಬಂದಾಗ, ಊರು ಸುತ್ತಿ ಮನೆಗೆ ಬಂದ ಹಾಗಾಗುತ್ತೆ. ಮಧ್ಯ ಸ್ಕಿಪ್ ಮಾಡಿದ್ರೆ ಆ ವಾಪಸಾತಿ ಸಿಗಲ್ಲ.

ನಾನೂ ಮೊದಲ ಸಲ ನಾಲ್ಕನೇ ನಿಮಿಷಕ್ಕೇ ಸ್ಕಿಪ್ ಮಾಡಿದ್ದೆ. ನನ್ನ ಶೋನ ಗ್ರಾಫಲ್ಲೂ ಅದೇ ಕಥೆ, ಮೂರನೇ ನಿಮಿಷಕ್ಕೆ ಅರ್ಧ ಜನ ಇಳಿದುಹೋಗ್ತಾರೆ. ಅದಕ್ಕೆ ಹೆದರಿ ಮೌನ, ಉಸಿರು ಎಲ್ಲಾ ಕತ್ತರಿಸ್ತಾ ಬಂದೆ. ಈ ಹಾಡನ್ನ ಪೂರ್ತಿ ಕೇಳಿದ ದಿನ ಅನ್ನಿಸಿತು, ನಾನು ಕತ್ತರಿಸಿದ್ದು ವೇಸ್ಟ್ ಅಲ್ಲ, ದಾರಿಯನ್ನ.

1998ರ ಡಿಸೆಂಬರ್ 28ರಂದು ಬ್ಯಾಂಡ್ ಟೋಕಿಯೊದ ಅಕಸಾಕ ಬ್ಲಿಟ್ಜ್‌ನಲ್ಲಿ ಇದನ್ನ 40 ನಿಮಿಷಕ್ಕೂ ಹೆಚ್ಚು ನುಡಿಸಿತು. ಅದು ಬ್ಯಾಂಡ್ ಬಿಡ್ತಿದ್ದ ಬಾಸಿಸ್ಟ್ ಯುಜುರು ಕಾಶಿವಾಬಾರಾಗೆ ಬೀಳ್ಕೊಡುಗೆ. ಮೂರು ತಿಂಗಳಿಗೆ, 1999ರ ಮಾರ್ಚ್‌ನಲ್ಲಿ, ಸಾಟೊ ತೀರಿಕೊಂಡರು. ವಯಸ್ಸು 33.

ಇವತ್ತು ರಾತ್ರಿ ಹೆಡ್‌ಫೋನ್ ಹಾಕ್ಕೊಂಡು, ನೋಟಿಫಿಕೇಶನ್ ಆಫ್ ಮಾಡಿ, 35 ನಿಮಿಷ ಕೊಡಿ. ಈ ಎಪಿಸೋಡಲ್ಲಿ ನನ್ನ ಉಸಿರಿನ ಸದ್ದು ಕೇಳಿಸಿದ್ರೆ, ಅದನ್ನ ಬೇಕಂತಲೇ ಬಿಟ್ಟಿದ್ದೀನಿ. ಮುಂದಿನ ವಾರ ಸಿಗೋಣ.