ನಿಮಗಿದು ಗೊತ್ತೆ? ರಾತ್ರಿಯ ಎದೆಹಾಲಲ್ಲೇ ಇದೆ ನಿದ್ದೆ
ಕೊಯಮತ್ತೂರಿನ ಕನ್ನಡ ಮನೆಮಾತಿನ ದೇವಾಂಗ ನೇಕಾರರ ಮನೆಯಿರಲಿ, ತಿರುಪ್ಪೂರಿನ ಬನಿಯನ್ ಕಾರ್ಖಾನೆಯ ಕೆಲಸಗಾರ್ತಿಯ ಮನೆಯಿರಲಿ, ಎಳೆಗೂಸು ರಾತ್ರಿ ಪದೇ ಪದೇ ಎದ್ದರೆ ‘ಹಾಲು ಸಾಲದು’ ಎಂಬ ಅಳುಕು ಹುಟ್ಟುತ್ತದೆ. ಆದರೆ ಮಗುವಿನ ಹೊಟ್ಟೆ ಚಿಕ್ಕದು, ಎದೆಹಾಲು ಬೇಗ ಅರಗುತ್ತದೆ. ಹಗಲು-ರಾತ್ರಿಯ ಲಯ ಕೂಡಿಬರಲು 2-3 ತಿಂಗಳು ಬೇಕು. ಅಲ್ಲಿಯವರೆಗೆ ತಾಯಿಯೇ ಆಸರೆ: ನಿದ್ದೆ ತರುವ ಮೆಲಟೋನಿನ್ ಹಗಲಿನ ಹಾಲಿನಲ್ಲಿ ತೀರಾ ಕಡಿಮೆ, ರಾತ್ರಿಯ ಹಾಲಿನಲ್ಲಿ ಹೆಚ್ಚು. ಪುಡಿಹಾಲು ಕೊಟ್ಟರೆ ಹೆಚ್ಚು ಹೊತ್ತು ಮಲಗೀತಲ್ಲ ಎನ್ನಬಹುದು. ಆದರೆ ಹಾಲು ಊರಿಸುವ ಪ್ರೊಲ್ಯಾಕ್ಟಿನ್ ಏರುವುದೇ ರಾತ್ರಿ. ಆಗ ಕುಡಿಸುವುದು ತಪ್ಪಿದರೆ ಎದೆಹಾಲೇ ಇಳಿಯಬಹುದು. ಆದ್ದರಿಂದ ದೀಪ ಮಂದವಾಗಿಸಿ, ಮಾತು ತಗ್ಗಿಸಿ ಹಾಲೂಡಿಸಿ. ಬಳಿಕ ಸಮತಟ್ಟಾದ ಹಾಸಿಗೆಯಲ್ಲಿ ಅಂಗಾತ ಮಲಗಿಸಿ.